ದಾಲಿಗೆ ಒಂದು ದಿನ ಸಾಲದು

ಚೀನಾದ ಯುನ್ನಾನ್ ಪ್ರಾಂತ್ಯದ ದಾಲಿಯನ್ನು ಪ್ರಾಂತ್ಯದ ರಾಜಧಾನಿ ಕುನ್ಮಿಂಗಿನಿಂದ ಒಂದೇ ದಿನದಲ್ಲಿ ನೋಡಿ ಬರಬಹುದು ಎಂದು, ಈಚೆಗೆ ಓದಿದ ಪ್ರವಾಸ ಲೇಖನವೊಂದರಲ್ಲಿ ಲೇಖಕರು ಕೊಟ್ಟಿರುವ ಸಲಹೆಯನ್ನು ನಾನು ಒಪ್ಪಲಾರೆ. ವೇಗದ ರೈಲು ಸುಮಾರು ಎರಡು ಗಂಟೆಯಲ್ಲಿ ತಲುಪಿಸುತ್ತದೆ, ನಿಜ. ಆದರೆ ನಿಲ್ದಾಣವಿರುವುದು ಶಿಯಾಗುವಾನ್ ಎಂಬ ಹೊಸ ಪಟ್ಟಣದಲ್ಲಿ. ಹಳೆಯ ಕೋಟೆಪಟ್ಟಣಕ್ಕೆ ಅಲ್ಲಿಂದ ಮತ್ತೆ ಸುಮಾರು 15 ಕಿ.ಮೀ. ಹೋಗಬೇಕು. ಎರ್‌ಹಾಯ್ ಸರೋವರವೋ ಸುಮಾರು 250 ಚದರ ಕಿ.ಮೀ. ಹರಡಿಕೊಂಡಿದೆ. ಕನಿಷ್ಠ ಮೂರು ರಾತ್ರಿ ತಂಗಿ, ಅದರಲ್ಲಿ ಒಂದನ್ನು ದಂಡೆಯ ಶಿಝೌ ಹಳ್ಳಿಗೆ ಮೀಸಲಿಡುವುದು ಲೇಸು.

ಲೇಖನದಲ್ಲಿ ಹಣಪಾವತಿಯ ಪ್ರಸ್ತಾಪವೇ ಇಲ್ಲದಿರುವುದು ದೊಡ್ಡ ಕೊರತೆ. ಅಲ್ಲಿ ತಳ್ಳುಗಾಡಿಯವರೂ ಕ್ಯೂಆರ್ ಕೋಡ್ ತೋರಿಸುವುದರಿಂದ, ಹೊರಡುವ ಮುನ್ನವೇ ಅಲಿಪೇ ಅಥವಾ ವೀಚಾಟ್ ಎಂಬ ಚೀನೀ ಪಾವತಿ ಆ್ಯಪ್‌ಗೆ ನಮ್ಮ ಅಂತರರಾಷ್ಟ್ರೀಯ ಕಾರ್ಡನ್ನು ಜೋಡಿಸಿ, ಗುರುತಿನ ಪರಿಶೀಲನೆಯನ್ನೂ ಮುಗಿಸಿಕೊಂಡಿರಬೇಕು. ಚೀನಾದಲ್ಲಿ ಗೂಗಲ್ ಸೇವೆಗಳಿಗೆ ತಡೆಯಿರುವುದರಿಂದ ಗೂಗಲ್ ನಕ್ಷೆಯನ್ನು ನಂಬಿ ಹೋದವರು ಪೇಚಿಗೆ ಸಿಲುಕುತ್ತಾರೆ. ಹೋಟೆಲಿನ ವಿಳಾಸ ಚೀನೀ ಲಿಪಿಯಲ್ಲಿ ಕೈಯಲ್ಲಿರಲಿ. ರೈಲು ಟಿಕೆಟ್ ಪಾಸ್‌ಪೋರ್ಟ್ ಸಂಖ್ಯೆಗೇ ಜೋಡಣೆಯಾಗುವುದರಿಂದ ಪಾಸ್‌ಪೋರ್ಟನ್ನು ಕೋಣೆಯಲ್ಲಿ ಬಿಟ್ಟು ನಿಲ್ದಾಣಕ್ಕೆ ಹೋಗಬಾರದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ಅಕ್ಟೋಬರ್ ಮೊದಲ ವಾರ ರಾಷ್ಟ್ರೀಯ ರಜೆಯ ನೂಕುನುಗ್ಗಲು. ಅದು ಕಳೆದ ಮೇಲೆ ಹೋಗುವುದು ಒಳ್ಳೆಯದು. ಸುಮಾರು 2,000 ಮೀಟರ್ ಎತ್ತರದ ಊರಾದ್ದರಿಂದ ಹಗಲಿನ ಬಿಸಿಲು ಚುರುಕು, ರಾತ್ರಿ ಸ್ವೆಟರ್ ಬೇಕೇ ಬೇಕು.

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಇಲ್ಲಿನ ಸ್ಥಳೀಯ ಬಾಯ್ ಜನಾಂಗದವರು ಹಾಲಿನಿಂದ ಮಾಡುವ ರುಶಾನ್ ಎಂಬ ತೆಳುಹಾಳೆಯನ್ನು ಕೆಂಡದ ಮೇಲೆ ಉಬ್ಬುವಂತೆ ಸುಟ್ಟು, ಗುಲಾಬಿ ಪಾಕ ಸವರಿ, ಕಡ್ಡಿಗೆ ಸುತ್ತಿ ಕೊಡುತ್ತಾರೆ. ಶಿಝೌ ರೊಟ್ಟಿಯನ್ನು ಮಾತ್ರ ಕೇಳಿ ಕೊಳ್ಳಿ. ಖಾರದ ಬಗೆಯಲ್ಲಿ ಸಾಮಾನ್ಯವಾಗಿ ಹಂದಿಮಾಂಸವಿರುತ್ತದೆ.