ಏಳ್ರೀ, ನೀರು ಬಂತು

ನಮ್ಮ ಮನೆಯಲ್ಲಿ ಅಲಾರಂ ಇಡುವ ಅಭ್ಯಾಸ ಇಲ್ಲ. ನೀರುಗಂಟಿಯ ಮಿಸ್ಡ್ ಕಾಲ್ ಇದೆ. ನಾಲ್ಕು ದಿನಕ್ಕೊಮ್ಮೆ, ಕೆಲವೊಮ್ಮೆ ಐದಕ್ಕೆ, ರಾತ್ರಿ ಎರಡೂವರೆಗೋ ಮೂರಕ್ಕೋ ಫೋನು ಒಂದು ಸಲ ಕಿರ್ರೆಂದು ಸುಮ್ಮನಾಗುತ್ತದೆ. ನಮ್ಮ ಬೀದಿಯ ವಾಲ್ವ್ ತಿರುಗಿಸಿದ್ದಾನೆ ಎಂದು ಅರ್ಥ. ಈಗೆಲ್ಲ ಕಾಲ್ ಮಾಡೋದಕ್ಕೆ ಬೇರೆ ದುಡ್ಡು ಹೋಗಲ್ಲ, ಆದರೂ ಅವನು ಮಿಸ್ಡ್ ಕಾಲನ್ನೇ ಕೊಡುತ್ತಾನೆ. ನಾವು ಎತ್ತಿದರೆ 'ಯಾಕಪ್ಪಾ ಇಷ್ಟು ಲೇಟು' ಅಂತ ಶುರು ಮಾಡುತ್ತೇವೆ ಎನ್ನುವುದು ಅವನಿಗೆ ಗೊತ್ತು. ಆಮೇಲೆ ಹೆಂಡತಿಯ ಮೊಣಕೈ ನನ್ನ ಪಕ್ಕೆಲುಬಿಗೆ. "ಏಳ್ರೀ, ನೀರು ಬಂತು."

ಕೋಲಾರ ಜಿಲ್ಲೆಯ ಒಂದು ಸಣ್ಣ ಊರು ನಮ್ಮದು. ವರ್ಷವಿಡೀ ಹರಿಯುವ ಹೊಳೆ ಜಿಲ್ಲೆಯಲ್ಲೇ ಒಂದೂ ಇಲ್ಲ. ಕೆರೆಗಳು ಬೇಕಾದಷ್ಟಿವೆ, ಅವು ತುಂಬಿದ ವರ್ಷಗಳನ್ನು ಮಾತ್ರ ಬೆರಳಲ್ಲಿ ಎಣಿಸಬಹುದು. 2018ರಿಂದ ಬೆಂಗಳೂರಿನ ಚರಂಡಿ ನೀರನ್ನು ಶುದ್ಧೀಕರಿಸಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ಪೈಪಿನಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ, ಅಂತರ್ಜಲ ಮೇಲೆ ಬರಲಿ ಅಂತ. ಬೆಂಗಳೂರಲ್ಲಿ ಕೆಲಸ ಮಾಡುವ ನನ್ನ ಭಾಮೈದ ಪ್ರತಿ ಸಲ ಬಂದಾಗಲೂ "ಭಾವ, ನಾನು ಸ್ನಾನ ಮಾಡಿದ ನೀರು ತಲುಪಿತಾ?" ಅಂತ ಕೇಳುತ್ತಾನೆ. ಅದು ಕುಡಿಯೋಕಲ್ಲ, ಕೆರೆ ತುಂಬಿಸೋಕೆ ಅಂತ ಹೇಳಿ ಹೇಳಿ ಸಾಕಾಗಿದೆ. ನಲ್ಲಿಗೆ ಬರುವುದು ಬೋರ್‌ವೆಲ್ ನೀರು. 1,200 ಅಡಿ, 1,500 ಅಡಿ ಕೊರೆದು ಎತ್ತಿದ್ದು. ಅಷ್ಟು ಆಳದಿಂದ ಬರುವಾಗ ಅದು ಬರಿಗೈಯಲ್ಲಿ ಬರುವುದಿಲ್ಲ. ಸುಣ್ಣ, ಉಪ್ಪು, ಫ್ಲೋರೈಡು, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಗಂಟು ಕಟ್ಟಿಕೊಂಡೇ ಬರುತ್ತದೆ.

ರಾತ್ರಿ ಎದ್ದ ಕೂಡಲೇ ಮೊದಲು ಬರುವುದು ನೀರಲ್ಲ, ಗಾಳಿ. ನಲ್ಲಿ ಮುದುಕರ ಹಾಗೆ ಕೆಮ್ಮುತ್ತದೆ. ಆಮೇಲೆ ಕೆಂಪಗೆ ಸ್ವಲ್ಪ. ಆಮೇಲೆ ಟೀ ಬಣ್ಣ. ಹತ್ತು ನಿಮಿಷ ಬಿಟ್ಟರೆ ನೀರಿನ ಬಣ್ಣ. ಮೊದಲ ಬಕೆಟ್ಟು ಚರಂಡಿಗೆ, ಎರಡನೆಯದು ಕರಿಬೇವಿನ ಗಿಡಕ್ಕೆ, ಮೂರನೆಯದು ಬಚ್ಚಲಿಗೆ, ನಾಲ್ಕನೆಯದರಿಂದ ನೆಲದೊಳಗಿನ ಸಂಪು ತೊಟ್ಟಿಗೆ. ಇದು ಅಪ್ಪ ಮಾಡಿದ ಕಾನೂನು, ಒಳ್ಳೆಯ ಕಾನೂನೇ. ನಾಲ್ಕು ದಿನ ಖಾಲಿ ನಿಂತ ಪೈಪು ಒಳ್ಳೆಯ ಪೈಪಲ್ಲ. ನೀರಿನ ಒತ್ತಡ ಇಲ್ಲದಾಗ ಎಲ್ಲಿ ಸೀಳಿದೆಯೋ ಅಲ್ಲಿಂದ ಹೊರಗಿನದು ಒಳಗೆ ಬರುತ್ತದೆ. ನಮ್ಮ ಬೀದಿಯಲ್ಲಿ ನೀರಿನ ಪೈಪೂ ಚರಂಡಿಯೂ ಅಣ್ಣತಮ್ಮಂದಿರ ಹಾಗೆ ಅಂಟಿಕೊಂಡೇ ಹೋಗುತ್ತವೆ, ಮೇಲಿಂದ ವರ್ಷಕ್ಕೆ ಎರಡು ಸಲ ಯಾರಾದರೂ ಬಂದು ಯಾವುದಾದರೂ ಕೇಬಲ್ಲಿಗೆ ಅಂತ ರಸ್ತೆ ಅಗೆದು ಎರಡರ ನಡುವಿನ ಗೋಡೆಯನ್ನೂ ತೆಗೆದುಬಿಡುತ್ತಾರೆ. ಇಷ್ಟು ಸಾಲದು ಅಂತ ಬೀದಿಯವರು ನಲ್ಲಿಗೇ ಮೋಟರ್ ಹಾಕಿ ಎಳೆಯುತ್ತಾರೆ, ಚರಂಡಿ ನೀರಿಗೆ ದಾರಿ ಗೊತ್ತಿಲ್ಲದಿದ್ದರೂ ಕೈ ಹಿಡಿದು ಕರೆದುಕೊಂಡು ಬಂದ ಹಾಗೆ. ಬೀದಿಯವರು ಅಂದೆ. ನಮ್ಮ ಮೋಟರ್ ಅರ್ಧ ಎಚ್‌ಪಿದು.

ಇಂಥ ನೀರು ಕುಡಿಯೋಕೆ ಆಗುತ್ತದೋ ಇಲ್ಲವೋ ಅನ್ನುವುದಕ್ಕೆ ನಮ್ಮ ಮನೆಯಲ್ಲಿ ತಲೆಗೊಂದು ಪರೀಕ್ಷೆ ಇದೆ.

ಅಮ್ಮನದು ಬೇಳೆ. ತೊಗರಿ ಬೇಳೆ ಬೆಂದರೆ ಒಳ್ಳೆ ನೀರು, ಬೇಯದಿದ್ದರೆ ಉಪ್ಪು ನೀರು. ಬೋರ್ ಬದಲಾಯಿಸಿದ ದಿನ ಅಮ್ಮನಿಗೆ ಪೇಪರಿನವರಿಗಿಂತ ಮೊದಲೇ ಗೊತ್ತಾಗುತ್ತದೆ, ಕುಕ್ಕರ್ ಆರು ಸಲ ಕೂಗಿದರೂ ಬೇಳೆ ಇಡಿ ಇಡಿಯಾಗಿ ಮೇಲೆ ನೋಡುತ್ತಿರುತ್ತದೆ. ಅಪ್ಪನದು ಕಣ್ಣು. ಸ್ಟೀಲ್ ಲೋಟದಲ್ಲಿ ಹಿಡಿದು, ಕಿಟಕಿ ಕಡೆ ತಿರುಗಿಸಿ, ತಳ ಕಂಡರೆ ಪಾಸ್. ಹೆಂಡತಿಯದು ಮೂಗು.

ಹೆಂಡತಿ ತೀರ್ಥಹಳ್ಳಿ ಕಡೆಯವಳು. ಗುಡ್ಡದಿಂದ ತಾನಾಗೇ ಇಳಿದು ಬರುವ ಅಬ್ಬಿ ನೀರು ಕುಡಿದು ಬೆಳೆದವಳು. ಮದುವೆಯಾಗಿ ಬಂದ ಮೊದಲ ದಿನ ತಲೆಗೆ ಸ್ನಾನ ಮಾಡಲು ಹೋದವಳು ಮುಕ್ಕಾಲು ಗಂಟೆ ಆದರೂ ಹೊರಗೆ ಬರಲಿಲ್ಲ. ನಮ್ಮ ಕಡೆಯ ನೀರಿನಲ್ಲಿ ನೊರೆ ಬರುವುದಿಲ್ಲ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ, ಶಾಂಪೂ ಹಳೆಯದಿರಬೇಕು ಅಂತ ಇಡೀ ಬಾಟಲಿ ಖಾಲಿ ಮಾಡಿದ್ದಳು. ಅದರ ಮುಯ್ಯಿ ತೀರಿಸಿಕೊಂಡದ್ದು ಅವಳ ಊರಿನ ನೀರು. ಹೊಸ ಅಳಿಯ ಅಂತ ಹೋದಾಗ ನಮ್ಮ ಊರಿನ ಲೆಕ್ಕದಲ್ಲಿ ಸೋಪು ಉಜ್ಜಿಕೊಂಡುಬಿಟ್ಟೆ. ಒಂಬತ್ತು ಚೊಂಬು ಹುಯ್ದರೂ ಮೈ ಲೋಳೆಸರದ ಹಾಗೆ ಜಾರುತ್ತಿತ್ತು. ಮೆತ್ತಗಿನ ನೀರಿನಲ್ಲಿ ಹಾಗೇ, ಸೋಪು ಬಿಟ್ಟರೂ ಬಿಟ್ಟ ಹಾಗೆ ಅನ್ನಿಸುವುದಿಲ್ಲ. ಹಂಡೆ ಖಾಲಿಯಾಯಿತು. ಒಲೆಗೆ ಬೆಂಕಿ ಹಾಕುತ್ತಿದ್ದ ಮಾವ "ಬಯಲುಸೀಮೆಯವರು, ಪಾಪ, ನೀರು ಕಂಡಿರಲ್ಲ" ಅಂದದ್ದು ಬಚ್ಚಲ ಗೋಡೆ ದಾಟಿ ಕೇಳಿಸಿತು.

ಅವಳ ಮೂಗಿನ ಬಗ್ಗೆ ಒಂದು ತಕರಾರಿದೆ ನನ್ನದು. ನೀರಿಗೆ ಬ್ಲೀಚಿಂಗ್ ಪೌಡರ್ ವಾಸನೆ ಬಂದರೆ ಸಾಕು, "ವಿಷ ಹಾಕಿದಾರೆ" ಅಂತ ಅವತ್ತಿನ ನೀರು ಮುಟ್ಟುವುದಿಲ್ಲ. ನಿಜ ಹೇಳಬೇಕೆಂದರೆ ಆ ವಾಸನೆ ಇದ್ದ ದಿನವೇ ನನಗೆ ಸ್ವಲ್ಪ ಧೈರ್ಯ. ನಲ್ಲಿ ಬಾಯಿಗೆ ಬಂದಾಗಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತಲೇ ಲೆಕ್ಕ. ಉಳಿದಿದೆ ಅಂದರೆ ದಾರಿಯಲ್ಲಿ ಏನೇ ಸೇರಿಕೊಂಡರೂ ಹೊಡೆಯೋಕೆ ಒಬ್ಬ ಇದ್ದಾನೆ ಅಂತ. ವಾಸನೆ ಇಲ್ಲದ ದಿನ ಯಾರೂ ಇಲ್ಲ. ಇದನ್ನು ಹತ್ತು ಸಲ ವಿವರಿಸಿದ್ದೇನೆ. ಹತ್ತು ಸಲವೂ ಅವಳು ಮೂಗು ಮುಚ್ಚಿಕೊಂಡು ಕೇಳಿದ್ದಾಳೆ.

ನನ್ನ ಪರೀಕ್ಷೆ ವೈಜ್ಞಾನಿಕ. ಕಳೆದ ಬೇಸಿಗೆಯಲ್ಲಿ ಆನ್‌ಲೈನಿನಲ್ಲಿ ಟಿಡಿಎಸ್ ಮೀಟರ್ ತರಿಸಿದೆ. ಪೆನ್ನಿನ ಹಾಗೆ ಇರುತ್ತದೆ, ನೀರಿಗೆ ಅದ್ದಿದರೆ ನಂಬರು ಬರುತ್ತದೆ, ಕರಗಿದ ಲವಣ ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ. 500ರ ಒಳಗಿದ್ದರೆ ಒಳ್ಳೆಯದು, ಬೇರೆ ಗತಿಯೇ ಇಲ್ಲದಿದ್ದರೆ 2,000ದ ತನಕ ನಡೆಯುತ್ತದೆ ಅಂತ ನಮ್ಮ ದೇಶದ ಮಾನಕದಲ್ಲಿದೆ. ಬೇರೆ ಗತಿ ಇಲ್ಲದಿದ್ದರೆ ಅನ್ನುವ ಮಾತನ್ನು ನಮ್ಮ ಜಿಲ್ಲೆಯನ್ನು ನೋಡಿಯೇ ಬರೆದಿರಬೇಕು. ನಲ್ಲಿ ನೀರು 1,180 ತೋರಿಸಿತು. ಶುದ್ಧ ನೀರಿನ ಘಟಕದಿಂದ ಕುಡಿಯೋಕೆ ತರುವ ಕ್ಯಾನ್ ನೀರು 60. ಅಲ್ಲಿಗೆ ನಿಲ್ಲಿಸಬೇಕಿತ್ತು. ಎಳನೀರಿಗೆ ಅದ್ದಿದೆ, ಮಜ್ಜಿಗೆಗೆ ಅದ್ದಿದೆ, ಪಕ್ಕದ ಮನೆಯವರ ಸಂಪಿಗೆ ಅದ್ದಿದೆ. ಒಂದು ವಾರದಲ್ಲಿ ಬೀದಿಯ ಹೆಂಗಸರು ಚೊಂಬು ಹಿಡಿದುಕೊಂಡು ಬರಲು ಶುರುವಾಯಿತು, ನಾನು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ನಂಬರು ಹೇಳುವುದು, ಅವರು ನಿಟ್ಟುಸಿರು ಬಿಡುವುದು, ಥೇಟ್ ಶುಗರ್ ಕ್ಲಿನಿಕ್ಕು. ಒಂದು ದಿನ ಅಮ್ಮ ಇಲ್ಲದಾಗ ತಿಳಿಸಾರಿಗೆ ಅದ್ದಿದೆ. ಮೀಟರು ಏನೂ ಹೇಳದೆ ಕಣ್ಣು ಮಿಟುಕಿಸಿತು. ಆಮೇಲಿಂದ ಅದು ಯಾವ ನೀರಿಗೂ ಸರಿಯಾಗಿ ಮಾತಾಡಿಲ್ಲ.

ಒಂದು ಸಣ್ಣ ಸಮಸ್ಯೆ. ಟಿಡಿಎಸ್ ಮೀಟರಿಗೆ ಉಪ್ಪು ಗೊತ್ತಾಗುತ್ತದೆ, ಹುಳ, ಅಂದರೆ ರೋಗಾಣು, ಗೊತ್ತಾಗುವುದಿಲ್ಲ. ಚರಂಡಿಗೂ ಸಂಪಿಗೂ ವ್ಯತ್ಯಾಸ ಹೇಳುವುದು ಅದರ ಕೆಲಸವೇ ಅಲ್ಲ. ಇದು ನನಗೆ ತಿಳಿಯುವಷ್ಟರಲ್ಲಿ ಬೀದಿಯ ಅರ್ಧ ಮನೆಗಳಿಗೆ ಸರ್ಟಿಫಿಕೇಟ್ ಕೊಟ್ಟಾಗಿತ್ತು.

ಮೀಟರು ಕೈಕೊಟ್ಟ ವಾರವೇ ಫಿಲ್ಟರ್ ಮಾರುವ ಹುಡುಗ ಬಂದ. ಟೈ ಕಟ್ಟಿದ್ದ, ಮೇ ತಿಂಗಳ ಮಧ್ಯಾಹ್ನ, ಮುಖ ಕೆಂಪಗಾಗಿತ್ತು. "ಸಾರ್, ಎರಡು ಗ್ಲಾಸಲ್ಲಿ ನೀರು ಕೊಡಿ. ಒಂದು ನಲ್ಲೀದು, ಒಂದು ಫಿಲ್ಟರ್‌ದು. ನೀವು ಏನು ಕುಡೀತಿದೀರ ಅಂತ ತೋರಿಸ್ತೀನಿ." ಬ್ಯಾಗಿನಿಂದ ಒಂದು ಡಬ್ಬಿ ತೆಗೆದ. ಅದಕ್ಕೆ ನಾಲ್ಕು ಲೋಹದ ಕಡ್ಡಿ, ಒಂದು ಪ್ಲಗ್ಗು. ಅಮ್ಮ ಒಳಗಿಂದ ನಲ್ಲಿದೊಂದು, ಫಿಲ್ಟರ್‌ದಕ್ಕೆ ಬದಲು ಕ್ಯಾನಿಂದೊಂದು, ಎರಡು ಗ್ಲಾಸು ತಂದಿಟ್ಟಳು. ಕಡ್ಡಿ ಇಳಿಸಿ ಸ್ವಿಚ್ ಹಾಕಿದ.

ನಲ್ಲಿ ನೀರು ಗುಳುಗುಳು ಅಂದು ನಿಧಾನಕ್ಕೆ ಕಂದು ಬಣ್ಣಕ್ಕೆ ತಿರುಗಿತು. ಅಪ್ಪ ಹಿಂದಕ್ಕೆ ಸರಿದು ಕೂತರು. "ನೋಡಿ ಸಾರ್, ಇದು ದಿನಾ ನಿಮ್ಮ ಹೊಟ್ಟೆಗೆ ಹೋಗ್ತಿದೆ" ಅಂದ ಹುಡುಗ. ನಾನು ಮನಸ್ಸಿನಲ್ಲೇ ಕಂತು ಲೆಕ್ಕ ಹಾಕಲು ಶುರು ಮಾಡಿದ್ದೆ. ಅಷ್ಟರಲ್ಲಿ ಫಿಲ್ಟರ್ ನೀರಿನ ಗ್ಲಾಸೂ ಬಣ್ಣ ತಿರುಗಿತು. ತಿರುಗಿದ್ದಷ್ಟೇ ಅಲ್ಲ, ನಲ್ಲಿ ನೀರನ್ನು ಹಿಂದೆ ಹಾಕಿ ಮಡ್ಡಿ, ಕೊಚ್ಚೆ, ಹಸಿರು ಹಸಿರು ಗಸಿ, ಮೇಲೆ ಬುರುಗು. ಹುಡುಗ ಪ್ಲಗ್ಗು ಕಿತ್ತ. "ಯಾವ ಫಿಲ್ಟರ್ ನೀರು ಸಾರ್ ಇದು?" ನಾವೆಲ್ಲ ಅಮ್ಮನ ಮುಖ ನೋಡಿದೆವು.

"ಬಿಸಿಲಲ್ಲಿ ಬಂದವ್ನೆ ಮಗು, ಸುಸ್ತಾಗಿರ್ತಾನೆ, ಕುಡೀಲಿ ಅಂತ ಒಂದು ಚಿಟಿಕೆ ಉಪ್ಪು, ಸಕ್ಕರೆ ಹಾಕಿದೆ."

ಆಮೇಲೆ ನಾನು ಓದಿ ತಿಳಿದುಕೊಂಡದ್ದು ಇಷ್ಟು. ಆ ಬಣ್ಣ ನೀರಿನದಲ್ಲ, ಕಡ್ಡಿಯದು. ನೀರಿನಲ್ಲಿ ಲವಣ ಇದ್ದರೆ ಕರೆಂಟು ಹರಿಯುತ್ತದೆ, ಕರೆಂಟು ಹರಿದರೆ ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಾಗುತ್ತದೆ. ಫಿಲ್ಟರ್ ನೀರಿನಲ್ಲಿ ಲವಣ ಕಡಿಮೆ, ಕರೆಂಟು ಹರಿಯಲ್ಲ, ಹಾಗಾಗಿ ತಿಳಿಯಾಗಿ ಸಂಭಾವಿತನ ಹಾಗೆ ಕೂತಿರುತ್ತದೆ. ಅಮ್ಮನ ಒಂದು ಚಿಟಿಕೆ ಉಪ್ಪು ಅವನ ಬಣ್ಣ ಬಯಲು ಮಾಡಿತ್ತು. ಆದರೂ ಬೇಜಾರಾಯಿತು, ಹುಡುಗನಿಗೆ ತಿಂಗಳ ಟಾರ್ಗೆಟ್ ಇತ್ತಂತೆ. ಅಮ್ಮ ಬೇರೆ ಲೋಟದಲ್ಲಿ ಮತ್ತೆ ಪಾನಕ ಮಾಡಿಕೊಟ್ಟಳು. ಕುಡಿದು, ಟೈ ಬಿಚ್ಚಿ ಜೇಬಿಗೆ ಹಾಕಿಕೊಂಡು ಹೋದ.

ಹೀಗೆ ನಾವು ಕ್ಯಾನ್ ನೀರಿನಲ್ಲೇ ಉಳಿದೆವು. 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಕೊಡುವ ಘಟಕ, ಬಸ್ ಸ್ಟ್ಯಾಂಡ್ ಹಿಂದೆ. ಕಾಯಿನ್ ನುಂಗಿ ನೀರು ಕೊಡದ ದಿನ ಅದಕ್ಕೆ ಎಡಗಡೆ ಒಂದು ಏಟು ಕೊಡಬೇಕು, ಬಲಗಡೆ ಕೊಟ್ಟರೆ ಕೆಲಸ ಮಾಡಲ್ಲ. ಫ್ಲೋರೈಡಿನ ದೃಷ್ಟಿಯಿಂದ ಈ ಘಟಕಗಳು ನಮ್ಮ ಕಡೆಗೆ ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ಚಿಕ್ಕಂದಿನಲ್ಲಿ ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಗೆರೆ ಉಳಿಯುತ್ತದೆ. ನನ್ನ ಏಳನೇ ಕ್ಲಾಸಿನ ಗ್ರೂಪ್ ಫೋಟೋದಲ್ಲಿ ನಾವೆಲ್ಲ ಅಷ್ಟು ಗಂಭೀರವಾಗಿರುವುದು ಶಿಸ್ತಿನಿಂದಲ್ಲ.

ಮೊನ್ನೆ ಚಿಕ್ಕಮ್ಮನ ಮಗಳು ಬಂದಳು. ಪಕ್ಕದ ಹಳ್ಳಿಯಲ್ಲಿದ್ದಾಳೆ. ಜಲಜೀವನ್ ಮಿಷನ್ನಿನಲ್ಲಿ ಹಳ್ಳಿಗೆ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಕಲಿಸುತ್ತಾರಲ್ಲ, ಆ ಐವರಲ್ಲಿ ಇವಳೊಬ್ಬಳು. ನನ್ನ ಮೀಟರಿನ ಕಥೆ ಕೇಳಿ ನಕ್ಕು, ಬ್ಯಾಗಿನಿಂದ ಮೂರು ಪುಟ್ಟ ಬಾಟಲಿ ತೆಗೆದಳು. ಗೆರೆವರೆಗೂ ನೀರು ತುಂಬಬೇಕು, ಮುಚ್ಚಳದ ಒಳಗೆ ಬೆರಳು ತಾಗಿಸಬಾರದು, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಕಪ್ಪಾದರೆ ಆ ನೀರಿನಲ್ಲಿ ಮಲದ ಹುಳ ಸೇರಿದೆ ಅಂತ ಅನುಮಾನ ಪಡಬೇಕು. ನಲ್ಲಿದು ಒಂದು, ಸಂಪಿಂದು ಒಂದು, ಕ್ಯಾನಿಂದು ಒಂದು ತುಂಬಿದೆವು. ಕ್ಯಾನಿನ ಒಳಗೆ ಕೈ ಹೋಗುವುದಿಲ್ಲ, ಹಾಗಾಗಿ ಅದನ್ನು ತಂದಾಗಿನಿಂದ ಯಾರೂ ಉಜ್ಜಿಲ್ಲ, ತಳದಲ್ಲಿ ಪಾಚಿ ತಿಳಿ ಹಸಿರಿಗೆ ಬಂದಿದೆ ಅನ್ನುವುದನ್ನು ಅವಳು ಟಾರ್ಚ್ ಬಿಟ್ಟು ತೋರಿಸಿದಳು. ನಾನು ಪುಟ್ಟ ಚೀಟಿಯಲ್ಲಿ ಹೆಸರು ಬರೆದು, ಗಂಜಿ ಹಚ್ಚಿ ಬಾಟಲಿಗೆ ಅಂಟಿಸಿ, ಒಲೆ ಮೇಲಿನ ಶೆಲ್ಫಿನಲ್ಲಿ ಇಟ್ಟೆ.

ಎರಡನೇ ದಿನ ಬೆಳಗ್ಗೆ ಅಪ್ಪ ಕರೆದರು. "ಇದ್ಯಾವ ಡಿಕಾಕ್ಷನ್ನೋ, ಇಷ್ಟು ಸ್ಟ್ರಾಂಗಾಗಿದೆ?"

ಮೂರರಲ್ಲಿ ಒಂದು ಬಾಟಲಿ ಕುಳಿತಲ್ಲೇ ಕಪ್ಪಾಗಿತ್ತು. ಎರಡು ಹಾಗೇ ಇದ್ದವು. ಕುಕ್ಕರಿನ ಹಬೆಗೆ ಗಂಜಿ ಬಿಟ್ಟು ಮೂರೂ ಚೀಟಿ ಕೆಳಗೆ ಒಗ್ಗರಣೆ ಡಬ್ಬಿಯ ಮೇಲೆ ಬಿದ್ದಿದ್ದವು.

ಆಮೇಲೆ ಮನೆಯಲ್ಲಿ ನಡೆದದ್ದು ಪಂಚಾಯ್ತಿ. ಕಪ್ಪಾಗಿದ್ದು ನಲ್ಲಿದೇ ಅಂತ ಹೆಂಡತಿ. ಕ್ಯಾನಿಂದು, ಪಾಚಿ ನೋಡಿಲ್ವಾ ಅಂತ ಅಪ್ಪ. ಸಂಪು ಅಂತ ನಾನು, ಯಾಕೆಂದರೆ ಅದನ್ನು ತೊಳೆಸಬೇಕಾದವನು ನಾನು, ತೊಳೆಸಿ ಎರಡು ವರ್ಷವಾಗಿದೆ. ಚಿಕ್ಕಮ್ಮನ ಮಗಳಿಗೆ ಫೋನ್ ಮಾಡಿದೆ. ಬಾಟಲಿ ಖಾಲಿ, ಮತ್ತೆ ಬಂದಾಗ ತರ್ತೀನಿ, ಅಲ್ಲಿತನಕ ಕುದಿಸಿ ಕುಡಿಯಿರಿ ಅಂದಳು.

"ನಲ್ಲಿ ನೀರು ಕುದಿಸಿದ್ರೆ ಫ್ಲೋರೈಡು ಹೋಗತ್ತಾ?"

"ಹೋಗಲ್ಲಣ್ಣ. ನೀರು ಆವಿಯಾಗಿ ಇನ್ನೂ ಸ್ವಲ್ಪ ಗಟ್ಟಿಯಾಗತ್ತೆ ಅಷ್ಟೆ. ಕ್ಯಾನಿಂದೇ ಕುದಿಸಿ. ಆಮೇಲೆ ಆ ಕಪ್ಪು ಬಾಟ್ಲಿ ಯಾರೂ ಮುಟ್ಟಬೇಡಿ, ಬ್ಲೀಚಿಂಗ್ ಪೌಡರ್ ಹಾಕಿ ದೂರ ಹೂತುಬಿಡಿ."

ಅಂದರೆ 5 ರೂಪಾಯಿ ಕೊಟ್ಟು ತಂದ ಶುದ್ಧ ನೀರನ್ನು ಗ್ಯಾಸ್ ಸುಟ್ಟು ಮತ್ತೆ ಶುದ್ಧ ಮಾಡುವುದು. ಸರಿ ಅಂತ ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ, ಕೈ ತೊಳೆದುಕೊಂಡು ಅಡುಗೆ ಮನೆಗೆ ಬಂದೆ. ಶೆಲ್ಫು ಖಾಲಿ. ಮೂರೂ ಬಾಟಲಿ ಸಿಂಕಿನ ಪಕ್ಕ ಫಳಫಳ ಹೊಳೆಯುತ್ತಾ ಬೋರಲು ಬಿದ್ದಿದ್ದವು.

"ಮುಚ್ಚಳ ಎಷ್ಟು ಬಿಗಿ ಇದೆ ನೋಡೋ" ಅಂದಳು ಅಮ್ಮ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ. "ಏಲಕ್ಕಿ, ಲವಂಗ, ಓಂಕಾಳಿಗೆ ಸರಿಯಾಗತ್ತೆ."

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಅತ್ತೆ, ಯಾವ ನೀರಲ್ಲಿ ತೊಳೆದ್ರಿ?"