ಇರುವೆ ಮಾತಾಡಲಿ, ಚಂದ್ರ ಬೇಡ

ಯಾವ ಓದುಗ ಯಾವುದಕ್ಕೆ ಸಿಟ್ಟಾಗುತ್ತಾನೆ ಅಂತ ಮೊದಲೇ ಗೊತ್ತಾಗುವಂತಿದ್ದರೆ ಕಾರ್ಟೂನು ಬರೆಯುವವರ ಅರ್ಧ ತಲೆನೋವು ಕಡಿಮೆಯಾಗುತ್ತಿತ್ತು. ಅಮೆರಿಕದ ಪೇಪರುಗಳಲ್ಲಿ 1958ರಿಂದ ಬರುತ್ತಿರುವ ‘ಬಿ.ಸಿ.’ಯನ್ನೇ ನೋಡಿ. ಜಾನಿ ಹಾರ್ಟ್ ಶುರು ಮಾಡಿದ ಗುಹಾಮಾನವರ ಸ್ಟ್ರಿಪ್ ಅದು.

ಅಲ್ಲಿ ಥಾರ್ ಅನ್ನುವವನು ಚಕ್ರ ಕಂಡುಹಿಡಿಯುತ್ತಾನೆ. ಗಾಡಿ ಮಾಡಬೇಕು ಅಂತ ಅವನಿಗೆ ಹೊಳೆಯುವುದಿಲ್ಲ. ಒಂಟಿ ಕಲ್ಲುಚಕ್ರದ ಅಚ್ಚಿನ ಮೇಲೆ ಆ ಕಡೆ ಒಂದು, ಈ ಕಡೆ ಒಂದು ಕಾಲಿಟ್ಟು ತಿರುಗಾಡುತ್ತಾನೆ. ಇರುವೆಗಳು ಮಾತಾಡುತ್ತವೆ. ಕಪ್ಪೆಚಿಪ್ಪಿಗೆ ಕಾಲಿದೆ. ಆರು ಕೋಟಿ ವರ್ಷಕ್ಕೂ ಹಿಂದೆ ಅಳಿದ ಡೈನೋಸಾರ್ ಮನುಷ್ಯನ ಪಕ್ಕದಲ್ಲೇ ನಿಂತಿದೆ. ಹೆಸರೇ ಕ್ರಿಸ್ತಪೂರ್ವ, ಆದರೂ ಇವರಿಗೆ ಕ್ರಿಸ್‌ಮಸ್ ಗೊತ್ತು! ಓದುಗರು ಇದನ್ನೆಲ್ಲ ಕಾಫಿಯ ಜೊತೆ ನುಂಗಿಕೊಂಡರು. ನಗು ಬಂದರೆ ಸಾಕು, ಲೆಕ್ಕ ಯಾರಿಗೆ ಬೇಕು?

ಆಮೇಲೆ ಹಾರ್ಟ್‌ಗೆ ದೈವಭಕ್ತಿ ಜಾಸ್ತಿಯಾಯಿತು, ಅದು ಸ್ಟ್ರಿಪ್‌ಗೂ ಇಳಿಯಿತು. 2001ರ ಈಸ್ಟರ್ ದಿನ ಅವರು ಏಳು ಕವಲಿನ ಯೆಹೂದಿ ದೀಪಸ್ತಂಭ ಬರೆದರು. ದೀಪ ಒಂದೊಂದೇ ಆರುತ್ತದೆ, ಕೊನೆಗೆ ಉಳಿಯುವುದು ಶಿಲುಬೆ. ನಮ್ಮ ಧರ್ಮದ ಕಾಲ ಮುಗಿಯಿತು ಅನ್ನುತ್ತಿದ್ದೀರಾ ಎಂದು ಯೆಹೂದಿಗಳು ನೊಂದುಕೊಂಡರು. ಎರಡೂ ಧರ್ಮಗಳಿಗೆ ಗೌರವ ತೋರಿಸಿದ್ದೆ ಅಂದರು ಹಾರ್ಟ್. ಅವರ ಮನಸ್ಸು ಏನೇ ಇರಲಿ, ಆ ಚಿತ್ರ ನೋಡಿದವರಿಗೆ ನೋವಾದದ್ದರಲ್ಲಿ ನನಗಂತೂ ಆಶ್ಚರ್ಯವಿಲ್ಲ.

2003ರ ನವೆಂಬರ್ 10ರದ್ದು ಹಾಗಲ್ಲ. ರಾತ್ರಿ ಹೊತ್ತು. ಒಬ್ಬ ಗುಹಾಮಾನವ ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಇಲ್ಲಿ ನಾತ ಹೊಡೀತಿದೆಯೋ ಅಥವಾ ನನಗೊಬ್ಬನಿಗೇ ಹಾಗನ್ನಿಸುತ್ತಿದೆಯೋ ಅಂತ ಒಳಗಿಂದ ಮಾತು ಕೇಳುತ್ತದೆ. ಅಷ್ಟೇ. ಆದರೆ ಆಕಾಶದಲ್ಲಿ ಅರ್ಧಚಂದ್ರ, ಕಕ್ಕಸಿನ ಬಾಗಿಲಲ್ಲೂ ಅರ್ಧಚಂದ್ರ. ಆಗ ರಂಜಾನ್ ತಿಂಗಳು ಬೇರೆ. ಬಾಗಿಲು ಬಡಿದ ಸದ್ದನ್ನು ‘SLAM’ ಅಂತ ಇಂಗ್ಲಿಷಿನಲ್ಲಿ ಮೇಲಿಂದ ಕೆಳಕ್ಕೆ ಬರೆದ ರೀತಿಯಲ್ಲೂ ಕೆಲವರಿಗೆ ಇಸ್ಲಾಂ ಅನ್ನುವ ಪದ ಕಂಡಿತು. ಅಮೆರಿಕದ ಕಾರ್ಟೂನುಗಳಲ್ಲಿ ಕಕ್ಕಸಿನ ಬಾಗಿಲಿಗೆ ಅರ್ಧಚಂದ್ರ ಕೊರೆಯುವುದು ಹಳೇ ರೂಢಿ. ಹಾರ್ಟ್ ಕೂಡ ಇದು ಬರೀ ಕಕ್ಕಸಿನ ಜೋಕು ಅಂದರು. ಈಸ್ಟರ್ ಚಿತ್ರ ಮರೆಯದವರು ಅದನ್ನು ನಂಬುವುದು ಕಷ್ಟವೇ ಅಲ್ವಾ? ಒಮ್ಮೆ ಉಪದೇಶ ಮಾಡಿದವನು ಆಮೇಲೆ ಸುಮ್ನೆ ಕೆಮ್ಮಿದರೂ ಜನ ಅರ್ಥ ಹುಡುಕುತ್ತಾರೆ.

ಓದುಗರ ಪ್ರೀತಿಯೂ ಹೀಗೇ, ಎಲ್ಲಿಂದ ಬಂದು ಎಲ್ಲಿ ಅಂಟಿಕೊಳ್ಳುತ್ತದೋ ಹೇಳಲಾಗದು. ಈ ಸ್ಟ್ರಿಪ್‌ನಲ್ಲಿ ಇರುವೆ ತಿನ್ನುವ ಒಂದು ಪ್ರಾಣಿಯಿದೆ. ಉದ್ದ ಮೂತಿ. ನಾಲಿಗೆ ಚಾಚಿದರೆ ‘ಜಾಟ್!’ ಅಂತ ಸದ್ದು. 1965ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ ಹೊಸದಾಗಿ ಶುರುವಾದಾಗ ತಂಡಗಳಿಗೊಂದು ಲಾಂಛನ ಬೇಕಾಯಿತು. ಬೇರೆಯವರು ಹುಲಿ, ಕರಡಿ ಹುಡುಕುವ ಜಾಗದಲ್ಲಿ ವಾಟರ್ ಪೋಲೋ ಆಡುವ ಹುಡುಗರು ಈ ಪ್ರಾಣಿಯನ್ನು ಮುಂದಿಟ್ಟರು. ವಿದ್ಯಾರ್ಥಿಗಳು ಓಟು ಹಾಕಿ ಗೆಲ್ಲಿಸಿಯೇಬಿಟ್ಟರು.

ಇವತ್ತಿಗೂ ಅಲ್ಲಿ ಮ್ಯಾಚ್ ನಡೆದರೆ ಮಧ್ಯದ ಎರಡು ಬೆರಳಿಗೆ ಹೆಬ್ಬೆರಳು ತಾಗಿಸಿ ಮೂತಿ ಮಾಡುತ್ತಾರೆ. ತೋರುಬೆರಳು, ಕಿರುಬೆರಳು ಕಿವಿಯಂತೆ ನಿಲ್ಲುತ್ತವೆ. ‘ಜಾಟ್ ಜಾಟ್ ಜಾಟ್’ ಅಂತ ಕೂಗು ಏಳುತ್ತದೆ. ಕೂಗುವವರಲ್ಲಿ ಸ್ಟ್ರಿಪ್ ಓದಿದವರು ಎಷ್ಟು ಜನರೋ. ಇರುವೆಗಳ ಅಭಿಪ್ರಾಯವನ್ನಂತೂ ಯಾರೂ ಕೇಳಿದ ಹಾಗಿಲ್ಲ.