ಗೆದ್ದವನ ವಾಚ್ ಮೇಲೇಕೆ ಎಲ್ಲರ ಕಣ್ಣು?

ಚೆಸ್‌ನಲ್ಲಿ ದೊಡ್ಡವನು ಸೋತರೆ ಸುದ್ದಿ ಆಗೋದು ಸೋತವನೇ. ಗೆದ್ದವನಿಗೆ ಎರಡು ಸಾಲು ಸಿಕ್ಕಿದರೆ ಅದೇ ಜಾಸ್ತಿ.

2023ರ ಅಕ್ಟೋಬರ್, ಕತಾರ್ ಮಾಸ್ಟರ್ಸ್ ಟೂರ್ನಿಯ ಎರಡನೇ ಸುತ್ತು. ಬಿಳಿ ಕಾಯಿಗಳ ಹಿಂದೆ ಕಜಕಿಸ್ತಾನದ 23ರ ಹುಡುಗ ಅಲಿಶೇರ್ ಸುಲೇಮೆನೊವ್, ರೇಟಿಂಗ್ (ಆಟಗಾರನ ಬಲ ಅಳೆಯುವ ಅಂಕ) 2512. ಎದುರಿಗೆ ಮಾಜಿ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್, 2839. ಅಂತರ 327. ಇಂಥ ಇಬ್ಬರು ನೂರು ಆಟ ಆಡಿದರೆ, ವಿಶ್ವ ಚೆಸ್ ಸಂಸ್ಥೆ ಫಿಡೆಯ ಲೆಕ್ಕದಲ್ಲಿ ಚಿಕ್ಕವನಿಗೆ ಸಿಗಬೇಕಾದದ್ದು ಸುಮಾರು 13 ಪಾಯಿಂಟ್. ಅದೂ ಡ್ರಾ ಮಾಡಿಕೊಂಡು ಗಿಟ್ಟಿಸಿದ ಅರ್ಧರ್ಧ ಪಾಯಿಂಟ್ ಎಲ್ಲಾ ಸೇರಿಸಿ. ಡ್ರಾ ಸಿಕ್ಕಿದ್ದರೂ ಹುಡುಗ ಖುಷಿಯಾಗಿ ಎದ್ದು ಹೋಗಬಹುದಿತ್ತು. ಅವನು ಗೆದ್ದೇಬಿಟ್ಟ.

ಹಾಗಂತ ಅದು ಕಾರ್ಲ್‌ಸನ್ ಕೈತಪ್ಪಿ ಕೊಟ್ಟ ಗೆಲುವಲ್ಲ. ತಾನು ಪೂರ್ತಿ ಮಣ್ಣುಮುಕ್ಕಿದೆ, ಎದುರಾಳಿ ಅದ್ಭುತವಾಗಿ ಆಡಿದ, ಗೆಲ್ಲಬೇಕಾದವನೇ ಗೆದ್ದ ಅಂತ ಅವನೇ ಟ್ವೀಟ್ ಮಾಡಿದ. ಅಲ್ಲಿಗೇ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಅದೇ ಉಸಿರಲ್ಲಿ ಇನ್ನೊಂದು ಮಾತು: ಆಟದ ಶುರುವಲ್ಲೇ ಅವನ ಕೈಯಲ್ಲಿ ವಾಚ್ ಕಂಡೆ, ಆಮೇಲೆ ಗಮನವೇ ನಿಲ್ಲಲಿಲ್ಲ. ವಾಚ್ ಅಂದ್ರೆ ಹೊರಗಿನಿಂದ ಗುಟ್ಟಾಗಿ ನಡೆ ಹೇಳಿಸಿಕೊಳ್ಳೋ ದಾರಿ ಇರಬಹುದು ಅನ್ನೋ ಅನುಮಾನ ತಾನೇ? ನಾನು ಯಾರ ಮೇಲೂ ಆರೋಪ ಮಾಡ್ತಿಲ್ಲ ಅಂತಲೂ ಸೇರಿಸಿದ. ಮಾಡ್ತಿಲ್ಲ, ಸರಿ. ಆದರೆ ಜನ ಆಟ ಬಿಟ್ಟು ವಾಚ್ ಹಿಡಿದುಕೊಂಡರು, ಅಲ್ವಾ?

ಅದು ಸ್ಮಾರ್ಟ್ ವಾಚ್ ಅಲ್ಲ, ಸುಮ್ನೆ ಮುಳ್ಳಿನ ವಾಚ್. ಆಟದ ನಡುವೆಯೇ ಕಾರ್ಲ್‌ಸನ್ ಆರ್ಬಿಟರ್‌ನ, ಅಂದ್ರೆ ತೀರ್ಪುಗಾರನನ್ನ, ವಾಚ್ ಕಟ್ಟಬಹುದಾ ಅಂತ ಕೇಳಿದ್ದಾನೆ. ಸ್ಮಾರ್ಟ್ ವಾಚ್‌ಗೆ ಮಾತ್ರ ನಿಷೇಧ, ಇದಕ್ಕಿಲ್ಲ ಅನ್ನೋ ಉತ್ತರವೂ ಸಿಕ್ಕಿದೆ.

ಅವನ ದೂರಿನಲ್ಲಿ ಹುರುಳಿಲ್ಲ ಅಂತ ನಾನು ಹೇಳೋದಿಲ್ಲ. ಪ್ರೇಕ್ಷಕರು ಫೋನ್ ಹಿಡಿದು ಓಡಾಡ್ತಿದ್ದರು, ಆಟದ ನೇರಪ್ರಸಾರವನ್ನು ಒಂದಿಷ್ಟು ತಡಮಾಡಿ ಬಿಡುವ ಏರ್ಪಾಡೂ ಇರಲಿಲ್ಲ ಅಂತ ಅವನು ಹೇಳಿದ್ದು ಗಂಭೀರ ವಿಷಯವೇ. ಇವತ್ತು ಜೇಬಿನ ಫೋನಿನಲ್ಲಿರುವ ಎಂಜಿನ್, ಅಂದ್ರೆ ಚೆಸ್ ಆಡುವ ಸಾಫ್ಟ್‌ವೇರ್, ವಿಶ್ವ ಚಾಂಪಿಯನ್‌ಗೂ ನೀರು ಕುಡಿಸುತ್ತೆ. ಆದರೆ ಅದನ್ನೆಲ್ಲ ಕೇಳಬೇಕಾದದ್ದು ಟೂರ್ನಿ ನಡೆಸುವವರನ್ನು. ಅದೂ ಆಟ ಶುರುವಾಗೋ ಮೊದಲು. ಸೋತ ಮೇಲೆ, ಗೆದ್ದವನ ಹೆಸರಿನ ಜೊತೆ ಸೇರಿಸಿ ಕೇಳಿದರೆ ಮಸಿ ಬಳಿಯೋದು ಅವನ ಮುಖಕ್ಕೇ. ಚಾಂಪಿಯನ್ ಆ ಸೋಲನ್ನು ಮುಂದಿನ ಟೂರ್ನಿಗೆ ಮರೆಯಬಹುದು. ಈ ಹುಡುಗನಿಗೆ ಇಂಥ ದಿನ ಮತ್ತೆ ಸಿಗುತ್ತೋ ಇಲ್ಲವೋ.

ಅದೇ ಟೂರ್ನಿಯ ಏಳನೇ ಸುತ್ತಿನಲ್ಲಿ ನಮ್ಮ ಕಾರ್ತಿಕೇಯನ್ ಮುರಳಿ ಕೂಡ ಕಾರ್ಲ್‌ಸನ್‌ನ ಮಣಿಸಿದ. ಕಪ್ಪು ಕಾಯಿ ಆಡಿ, ಗಂಟೆಗಟ್ಟಲೆ ಯೋಚಿಸಿ ಆಡುವ ಕ್ಲಾಸಿಕಲ್ ಆಟದಲ್ಲಿ. ಆಗ ಇಲ್ಲಿ ಸಂಭ್ರಮಿಸಿದವರಲ್ಲಿ ಎಷ್ಟು ಜನ ಸುಲೇಮೆನೊವ್‌ನ ಆಟವನ್ನು ಒಂದೊಂದೇ ನಡೆ ಇಟ್ಟು ನೋಡಿದ್ದೀರಿ? ಪೂರ್ತಿ ಆಟ ನೆಟ್‌ನಲ್ಲೇ ಇದೆ.